ಮೈಗೊಪ್ಪದ ನಿಖರತೆ

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರು, ಅಂದರೆ ಸ್ಟಾರ್ಮ್‌ಟ್ರೂಪರ್‌ಗಳು, ಯಾವುದೋ ಕಾರ್ಖಾನೆಯಿಂದ ಸಾಲಾಗಿ ಹೊರಬಿದ್ದವರಂತೆ ಕಾಣುತ್ತಾರೆ. ಚಿತ್ರವನ್ನು ನಿಲ್ಲಿಸಿ ಒಂದೊಂದೇ ಫ್ರೇಮನ್ನು ಹಿಗ್ಗಿಸಿ ನೋಡಿದರೆ ಈ ಭ್ರಮೆ ಹರಿಯುತ್ತದೆ. ಹೆಲ್ಮೆಟ್ಟಿನ ಎಡಗಡೆಗೂ ಬಲಗಡೆಗೂ ತಾಳೆಯಿಲ್ಲ. ಕೆನ್ನೆಯ ಮೇಲಿನ ನೀಲಿ ಗೆರೆಗಳು ಕುಂಚದಲ್ಲಿ ಎಳೆದವು, ಒಂದು ಹೆಲ್ಮೆಟ್ಟಿನಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಜಗತ್ತಿನ ಹಲವು ದೇಶಗಳಲ್ಲಿ ಸಾವಿರಾರು ಹವ್ಯಾಸಿಗಳು ಈ ಕವಚವನ್ನು ಅದರ ಓರೆಕೋರೆಗಳ ಸಮೇತ ಮತ್ತೆ ಕಟ್ಟುತ್ತಾರೆ, ತೊಡುತ್ತಾರೆ, ತೆರೆಯ ಮೇಲಿದ್ದದ್ದಕ್ಕೂ ತಮ್ಮದಕ್ಕೂ ಎಷ್ಟು ಹತ್ತಿರ ಎಂದು ಒಬ್ಬರದನ್ನೊಬ್ಬರು ಪರೀಕ್ಷಿಸುತ್ತಾರೆ. ಈ ಕಸುಬನ್ನು ಬೆಳೆದವರ ಗೊಂಬೆಯಾಟ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಅದು ತನ್ನ ಮೇಲೆ ತಾನೇ ಹೇರಿಕೊಂಡ ಅಳತೆಗೋಲಿನ ಬಗ್ಗೆ ತಕರಾರಿದೆ. ಹೊರಮೈಯ ನಿಖರತೆಯನ್ನು ಅದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ. ಕವಚ ಒಂದು ಮೈಯ ಮೇಲೆ ಹೇಗೆ ಕೂರುತ್ತದೆ, ಆ ಮೈ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಅಷ್ಟೇ ಗಂಭೀರವಾದ ಲೆಕ್ಕ ಇಟ್ಟಿಲ್ಲ. ಈ ಕಸುಬಿನ ನಿಜವಾದ ಜಾಣ್ಮೆ ಇರುವುದು ಮಾತ್ರ ಅಲ್ಲಿಯೇ.

ಮೂಲ ವಸ್ತು ಹುಟ್ಟಿದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ರಾಲ್ಫ್ ಮೆಕ್ವಾರಿ ಬರೆದ ಚಿತ್ರಗಳಲ್ಲಿ ಈ ಸೈನಿಕನ ಕಲ್ಪನೆ ಮೊದಲು ಮೂಡಿತು. ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಶಿಲ್ಪಿ ಬ್ರಯನ್ ಮ್ಯೂರ್ ಮನುಷ್ಯನ ಮೈಯ ಪ್ಲಾಸ್ಟರ್ ಅಚ್ಚಿನ ಮೇಲೆ ಜೇಡಿಮಣ್ಣು ಮೆತ್ತಿ ಕವಚದ ಆಕಾರ ತಿದ್ದಿದರು. ಹೆಲ್ಮೆಟ್‌ಗಳನ್ನು ಟ್ವಿಕನ್‌ಹ್ಯಾಮ್‌ನ ಆ್ಯಂಡ್ರೂ ಐನ್ಸ್‌ವರ್ತ್ ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನದಲ್ಲಿ ತೆಗೆದರು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅದು ಮೆತ್ತಗಾಗಿ ಜೋತುಬಿದ್ದಾಗ ಅಚ್ಚಿನ ಮೇಲೆ ಇಳಿಸಿ, ಅಡಿಯಿಂದ ಗಾಳಿ ಹೀರಿಬಿಡುವುದು ಈ ವಿಧಾನ. ಹಾಳೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಆಳವಾದ ಮೂಲೆಗಳಲ್ಲಿ ಎಳೆದು ತೆಳ್ಳಗಾಗುತ್ತದೆ, ಚೂಪಾದ ಅಂಚುಗಳು ಮೊಂಡಾಗುತ್ತವೆ. 1976ರ ಮಾರ್ಚ್‌ನಲ್ಲಿ ಟ್ಯುನೀಶಿಯಾದ ಮರುಭೂಮಿಯಲ್ಲಿ ಚಿತ್ರೀಕರಣ ಶುರುವಾಗಬೇಕಿತ್ತು, ಹಾಗಾಗಿ ನಯ ನಾಜೂಕಿಗೆ ಪುರಸೊತ್ತಿರಲಿಲ್ಲ. ತುಂಡುಗಳನ್ನು ಕತ್ತರಿಸಿ, ಎಲಾಸ್ಟಿಕ್ ಮತ್ತು ಟಿಚ್ ಬಟನ್‌ಗಳಿಂದ ನಟರ ಮೈಗೆ ಕಟ್ಟಿದರು. ಈ ಉಡುಪುಗಳ ಹೊಣೆ ಹೊತ್ತ ಜಾನ್ ಮೊಲೊಗೆ ವಸ್ತ್ರವಿನ್ಯಾಸದ ಆಸ್ಕರ್ ಬಂತು. ಆ ಕವಚದೊಳಗೆ ನಿಂತವರಿಗೆ ಸಿಕ್ಕಿದ್ದು ಮಬ್ಬು ದೃಷ್ಟಿ ಮತ್ತು ಸೆಕೆ. ಒಂದು ದೃಶ್ಯದಲ್ಲಿ ಬಾಗಿಲು ದಾಟುವ ಸೈನಿಕನೊಬ್ಬ ಚೌಕಟ್ಟಿಗೆ ತಲೆ ಢೀ ಕೊಡುವುದನ್ನು ಯಾರು ಬೇಕಾದರೂ ನೋಡಬಹುದು. 2004ರ ಡಿವಿಡಿ ಆವೃತ್ತಿಯಲ್ಲಿ ನಿರ್ಮಾಪಕರೇ ಅದಕ್ಕೊಂದು ಶಬ್ದ ಸೇರಿಸಿ ನಕ್ಕುಬಿಟ್ಟರು. ಕವಚ ತೊಟ್ಟವನ ಪಾಡು ಏನೆಂಬುದಕ್ಕೆ ಇಡೀ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ.

ಇಂಥ ಆತುರದ ಕೆಲಸವನ್ನು ಆದರ್ಶ ಮಾಡಿಕೊಂಡು, ಅದರ ತಪ್ಪುಗಳನ್ನೂ ನಕಲು ಮಾಡುವುದು ಹುಚ್ಚಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಹಳೆಯ ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಲಿಪಿಕಾರನ ಕೈತಪ್ಪನ್ನು ಕಂಡಕೂಡಲೇ ತಿದ್ದಿ ಮರೆಯುವುದಿಲ್ಲ. ಆ ತಪ್ಪು ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿತೆಂಬುದಕ್ಕೆ ಸುಳಿವು ಕೊಡುತ್ತದೆ, ಹಾಗಾಗಿ ಅದನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುತ್ತಾರೆ. ಹೆಲ್ಮೆಟ್ಟಿನ ಓರೆಯೂ ಹಾಗೆಯೇ. ಜೇಡಿಮಣ್ಣಿನ ಮೇಲೆ ಒಂದು ಕೈ ಕೆಲಸ ಮಾಡಿತ್ತು, ಅದು ಕನ್ನಡಿ ಹಿಡಿದು ಎರಡೂ ಬದಿ ಸರಿದೂಗಿಸಲಿಲ್ಲ ಎಂಬ ಸಂಗತಿ ಆ ಓರೆಯಲ್ಲಿದೆ. ಹತ್ತಿರದ ದೃಶ್ಯಗಳಿಗೆಂದು ಮಾಡಿದ ಕೆಲವೇ ಹೆಲ್ಮೆಟ್‌ಗಳಿಗೆ ಕಣ್ಣಿನ ಜಾಗದಲ್ಲಿ ಉಬ್ಬಿದ ಮಸೂರ, ಉಳಿದವಕ್ಕೆ ಚಪ್ಪಟೆ ಹಸಿರು ಹಾಳೆ. ಹವ್ಯಾಸಿಗಳು ಇವೆರಡನ್ನೂ ಬೇರೆ ಬೇರೆ ಪಾಠಗಳೆಂದೇ ಗುರುತಿಸಿ, ಒಂದರ ಲಕ್ಷಣ ಇನ್ನೊಂದಕ್ಕೆ ಬೆರೆಯದಂತೆ ನೋಡಿಕೊಂಡರು. ಚಲನಚಿತ್ರ ಇತಿಹಾಸಕಾರರು ನಟರ, ನಿರ್ದೇಶಕರ ಹಿಂದೆ ಬಿದ್ದಿದ್ದ ಕಾಲದಲ್ಲಿ ಬಡಗಿ, ಅಚ್ಚುಗಾರ, ಬಣ್ಣದವನ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಓದಿದವರು ಇವರೇ. ಈ ಋಣವನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವುದು ಸರಿಯಲ್ಲ.

ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಆಲ್ಬಿನ್ ಜಾನ್ಸನ್ 1997ರಲ್ಲಿ ಕಟ್ಟಿದ 501ನೇ ಲೀಜನ್ ಎಂಬ ಬಳಗ ಈ ಶ್ರದ್ಧೆಗೆ ನಿಯಮಾವಳಿಯ ರೂಪ ಕೊಟ್ಟಿತು. ಪ್ರತಿಯೊಂದು ವೇಷಕ್ಕೂ ಲಿಖಿತ ಲಕ್ಷಣಪಟ್ಟಿ ಇದೆ. ಸದಸ್ಯನಾಗಬೇಕಾದವನು ತನ್ನ ಕವಚದ ಫೋಟೋಗಳನ್ನು ಕಳಿಸುತ್ತಾನೆ: ಮುಂದಿನಿಂದ, ಹಿಂದಿನಿಂದ, ಎರಡೂ ಬದಿಯಿಂದ. ಪಟ್ಟಿಗೆ ಹೊಂದಿದರೆ ಒಳಗೆ. ಮೇಲಿನ ದರ್ಜೆಗಳು ಬೇಕೆಂದರೆ ಇನ್ನಷ್ಟು ಸೂಕ್ಷ್ಮ ವಿವರಗಳು ಹೊಂದಬೇಕು. ಹೊಟ್ಟೆಯ ತುಂಡಿಗೂ ಬೆನ್ನಿನ ತುಂಡಿಗೂ ನಡುವೆ ಬಿರುಕು ಕಾಣಬಾರದು ಎಂಬಂಥ ಮಾತುಗಳೂ ಅಲ್ಲಿ ಬರುತ್ತವೆ, ಅಂದರೆ ಮೈಯ ವಿಚಾರ ಪೂರ್ತಿ ಮರೆತಿದ್ದಾರೆ ಎನ್ನಲಾಗದು. ಆದರೆ ಆ ಬಿರುಕನ್ನು ನೋಡುವುದೂ ಫೋಟೋದಲ್ಲೇ, ಅದೂ ನೆಟ್ಟಗೆ ನಿಂತಾಗ. ಕವಚ ಸುಲಭವಾಗಿ ಗೆಲ್ಲುವ ಭಂಗಿ ಇದೊಂದೇ. ಇದೇ ಬಳಗದ ಸುಮಾರು 200 ಮಂದಿ 2007ರಲ್ಲಿ ಪ್ಯಾಸಡೀನಾದ ರೋಸ್ ಪರೇಡ್ ಮೆರವಣಿಗೆಯಲ್ಲಿ ನಡೆದರು. ಆ ದಾರಿ ಸುಮಾರು 9 ಕಿಲೋಮೀಟರ್. ಅಷ್ಟು ದೂರ ನಡೆಸಿದ ಗುಣ ಯಾವುದೋ, ಅದಕ್ಕೆ ಲಕ್ಷಣಪಟ್ಟಿಯಲ್ಲಿ ಹೆಸರಿಲ್ಲ.

ಆ ಗುಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೊಡೆಯ ಕವಚ ಎರಡು ಅರೆಗಳಾಗಿ ಬರುತ್ತದೆ, ಮುಂದಿನದೊಂದು ಹಿಂದಿನದೊಂದು. ಎರಡನ್ನೂ ಅಂಚಿಗೆ ಅಂಚು ತಾಗಿಸಿ, ಸಂದಿಯ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸುತ್ತಾರೆ. ಕೈಯ ತುಂಡುಗಳಿಗೆ 15 ಮಿಲಿಮೀಟರ್, ಕಾಲಿನ ಮುಂಭಾಗಕ್ಕೆ 20 ಮಿಲಿಮೀಟರ್ ಅಗಲದ ಪಟ್ಟಿ ಎಂಬುದು ಈ ಕಸುಬಿನವರಲ್ಲಿ ಬಳಕೆಯಲ್ಲಿರುವ ಲೆಕ್ಕ. ಈಗ ಕಟ್ಟುವವನ ತೊಡೆ ದಪ್ಪ ಎಂದಿಟ್ಟುಕೊಳ್ಳಿ. ಅರೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಪಟ್ಟಿಯನ್ನೇ ಅಗಲ ಮಾಡಿದರೆ ಕೆಲಸ ಮುಗಿಯಿತು, ಆದರೆ ಮುಂದಿನಿಂದ ನೋಡಿದವರಿಗೆ ಕಾಲಿನ ಆಕಾರವೇ ಬದಲಾದಂತೆ ಕಾಣುತ್ತದೆ. ಬಲ್ಲವನು ಮುಂದಿನ ಸಂದಿಯನ್ನು ಹಾಗೇ ಉಳಿಸಿ, ಹಿಂದಿನ ಸಂದಿಯಲ್ಲಿ ಬೇರೊಂದು ತುಂಡು ಸೇರಿಸುತ್ತಾನೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮಾಡಿದ ಗಸಿಯನ್ನು ಗೆರೆಗೆ ತುಂಬಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ಮರೆಸುತ್ತಾನೆ. ಮಂಡಿಯ ಹಿಂದೆ ಚುಚ್ಚುವ ಅಂಚನ್ನು ನಡೆದು ನಡೆದು ಗುರುತುಹಾಕಿಕೊಂಡು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾನೆ. ತುಂಬ ತೆರೆದುಕೊಂಡ ಮುಂಗೈ ತುಂಡನ್ನು ಕುದಿಯುವುದಕ್ಕೆ ಬಂದ ನೀರಿನಲ್ಲಿ ಅದ್ದಿ, ಮೆತ್ತಗಾದಾಗ ಒಳಕ್ಕೆ ಬಾಗಿಸಿ, ತಣ್ಣಗಾಗುವವರೆಗೆ ಹಿಡಿದಿರುತ್ತಾನೆ. ಈ ಕೆಲಸಗಳಿಗೆಲ್ಲ ಮಾದರಿ ಸಿಗುವುದಿಲ್ಲ. ಚಿತ್ರದಲ್ಲಿ ಆ ಮೈ ಇರಲಿಲ್ಲ. ಮೋಸ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ವಿವೇಕ ಇಲ್ಲಿ ಬೇಕು. 1976ರಲ್ಲಿ ನಟರಿಗೆ ಕವಚ ತೊಡಿಸಿದವರಿಗೆ ಬೇಕಾಗಿದ್ದದ್ದೂ ಇದೇ. ಕುಂಚದ ಗೆರೆಯನ್ನು ಸೊಟ್ಟಗೆ ಎಳೆದವನು ಮೂಲದ ಗುರುತನ್ನು ನಕಲು ಮಾಡಿದ. ತೊಡೆಯ ಹಿಂದೆ ತುಂಡು ಸೇರಿಸಿದವನು ಮೂಲದವರ ಯೋಚನೆಯನ್ನೇ ಮತ್ತೊಮ್ಮೆ ಯೋಚಿಸಿದ. ಎರಡನೆಯದು ನನಗೆ ಹೆಚ್ಚು ನಿಖರವಾಗಿ ಕಾಣುತ್ತದೆ.

ಹೀಗೆ ಹೇಳಿದರೆ ಪ್ರಮಾಣವೇ ಕರಗಿಹೋಗುವುದಿಲ್ಲವೇ, ಪ್ರತಿಯೊಬ್ಬನೂ ತನ್ನ ಮೈಗೆ ಬೇಕಾದಂತೆ ಮಾಡಿಕೊಂಡು ಇದೇ ಸರಿ ಎನ್ನುವುದಿಲ್ಲವೇ ಎಂಬ ಆಕ್ಷೇಪ ಸಣ್ಣದಲ್ಲ. ನಿಯಮಾವಳಿ ಇಲ್ಲದಿದ್ದರೆ ಈ ಕಸುಬು ಹಬ್ಬದ ವೇಷದ ಮಟ್ಟಕ್ಕೆ ಇಳಿಯುತ್ತಿತ್ತು ಎಂಬುದು ನಿಜ. ಆದರೆ ಮೈಗೊಪ್ಪುವುದು ರುಚಿಯ ವಿಚಾರವಲ್ಲ, ಅದನ್ನೂ ಅಳೆಯಬಹುದು. ಮೆಟ್ಟಿಲು ಹತ್ತುವಾಗ ತೊಡೆಯ ಕವಚ ಸೊಂಟದ ಕವಚವನ್ನು ಮೇಲಕ್ಕೆ ತಳ್ಳುತ್ತದೆಯೇ, ಬಂದೂಕು ಎತ್ತಿದಾಗ ಹೆಗಲಿನ ಗಂಟೆಯಾಕಾರದ ತುಂಡು ತನ್ನ ಜಾಗಕ್ಕೆ ವಾಪಸ್ ಬರುತ್ತದೆಯೇ, ತಿರುಗಿದಾಗ ಹೆಲ್ಮೆಟ್ ತಲೆಯ ಜೊತೆ ತಿರುಗುತ್ತದೆಯೇ ಅಥವಾ ತಲೆ ಮಾತ್ರ ಒಳಗೆ ತಿರುಗುತ್ತದೆಯೇ: ಇವು ಹೌದು ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳು. ಎತ್ತರದ ವಿಷಯದಲ್ಲಂತೂ ಚಿತ್ರವೇ ಮುಂದಾಗಿ ಉತ್ತರ ಕೊಟ್ಟಿದೆ. ಕದ್ದ ಕವಚ ತೊಟ್ಟು ಬಂದ ಕಥಾನಾಯಕ ಲ್ಯೂಕ್‌ನನ್ನು ಕಂಡು ರಾಜಕುಮಾರಿ ಲಿಯಾ ಆಡುವ ಮೊದಲ ಮಾತೇ ಸೈನಿಕನಾಗಲು ಅವನು ತುಸು ಕುಳ್ಳ ಎಂಬ ಚುಚ್ಚುಮಾತು. ಕವಚ ಒಂದೇ ಅಳತೆಯದ್ದು, ಮೈಗಳು ಹಲವು ಅಳತೆಯವು ಎಂಬ ಸತ್ಯವನ್ನು ಮರೆಮಾಚದೆ ಕಥೆಯೊಳಗೇ ತಂದುಕೊಂಡ ಚಿತ್ರಕ್ಕೆ ನಿಷ್ಠೆ ತೋರುವವರು ಮೈಯನ್ನು ಅಡಚಣೆ ಎಂದು ನೋಡಬೇಕಿಲ್ಲ.

2019ರಲ್ಲಿ ತೆರೆಕಂಡ, ‘ಸ್ಟಾರ್ ವಾರ್ಸ್’ ಲೋಕದ್ದೇ ಆದ ‘ದಿ ಮ್ಯಾಂಡಲೋರಿಯನ್’ ಸರಣಿಯ ಮೊದಲ ಆವೃತ್ತಿಯ ಕೊನೆಯ ಕಂತುಗಳಿಗೆ ಸೈನಿಕರ ದೊಡ್ಡ ಗುಂಪು ಬೇಕಾಯಿತು. ನಿರ್ಮಾಪಕರ ಬಳಿ ಸಾಕಷ್ಟು ಕವಚಗಳಿರಲಿಲ್ಲ. 501ನೇ ಲೀಜನ್ನಿನವರನ್ನು ಅವರವರ ಕವಚಗಳ ಸಮೇತ ಕರೆಸಿಕೊಂಡರು. ನಕಲು ಮೂಲದ ಜಾಗದಲ್ಲಿ ಹೋಗಿ ನಿಂತಿತು. ಹೊರಮೈಯ ನಿಖರತೆಯ ಪಟ್ಟಿ ಗೆದ್ದದ್ದಕ್ಕೆ ಇದು ಪುರಾವೆ ಎಂದು ಆ ಪಟ್ಟಿಯ ಪಕ್ಷದವರು ಹೇಳಬಹುದು, ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಆದರೆ ಫೋಟೋದಲ್ಲಿ ಮಾತ್ರ ಚೆನ್ನಾಗಿ ಕಾಣುವ ಕವಚ ಕ್ಯಾಮೆರಾದ ಮುಂದೆ ಟೇಕ್ ಮೇಲೆ ಟೇಕ್ ಬಾಳುವುದಿಲ್ಲ. ಅಲ್ಲಿಗೆ ಹೋದವರು ಮಕ್ಕಳ ಆಸ್ಪತ್ರೆಗಳಲ್ಲಿ, ಸಹಾಯಾರ್ಥ ಕಾರ್ಯಕ್ರಮಗಳಲ್ಲಿ ಗಂಟೆಗಟ್ಟಲೆ ತೊಟ್ಟು ಪಳಗಿದ ಬಳಗದವರು. ಎಲ್ಲಿ ಕಚ್ಚುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂದು ಅವರ ಮೈಗೆ ಗೊತ್ತಿತ್ತು. ಸ್ಟುಡಿಯೋ ಎರವಲು ಪಡೆದದ್ದು ಪ್ಲಾಸ್ಟಿಕ್ಕನ್ನಷ್ಟೇ ಅಲ್ಲ.

ಈ ವಾದಕ್ಕೆ ಬೆಂಬಲ ಅನಿರೀಕ್ಷಿತ ಕಡೆಯಿಂದಲೂ ಸಿಗುತ್ತದೆ. ಹಳೆಯ ಅಚ್ಚುಗಳನ್ನು ಬಳಸಿ ಹೆಲ್ಮೆಟ್ ಮಾರಲು ಹೊರಟ ಐನ್ಸ್‌ವರ್ತ್ ಮೇಲೆ, ಚಿತ್ರವನ್ನು ತಯಾರಿಸಿದ ಲ್ಯೂಕಾಸ್‌ಫಿಲ್ಮ್ ಕಂಪನಿ ದಾವೆ ಹೂಡಿತು. 2011ರ ಜುಲೈನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಹೆಲ್ಮೆಟ್ ಶಿಲ್ಪವಲ್ಲ ಎಂದು ತೀರ್ಪಿತ್ತಿತು: ಕಲಾಕೃತಿ ಎನ್ನಬೇಕಾದದ್ದು ಚಿತ್ರ, ಹೆಲ್ಮೆಟ್ ಆ ಚಿತ್ರದ ತಯಾರಿಕೆಯಲ್ಲಿ ಉಪಯೋಗಕ್ಕೆ ಬಂದ ಒಂದು ವಸ್ತು ಎಂಬುದು ಅದರ ತಿರುಳು. ಕೃತಿಸ್ವಾಮ್ಯದ ಲೆಕ್ಕಾಚಾರ ವಕೀಲರಿಗಿರಲಿ. ವಿಮರ್ಶೆಯ ದೃಷ್ಟಿಯಿಂದ ಈ ಮಾತು ನನಗೆ ಒಪ್ಪಿಗೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ತಿರುಗಿ ನೋಡಬೇಕೆಂದು ಹುಟ್ಟಿದ ವಸ್ತು ಅದಲ್ಲ. ಒಬ್ಬ ತೊಡಬೇಕು, ಓಡಬೇಕು, ಬೀಳಬೇಕು, ಅದನ್ನು ದೂರದಿಂದ ಯಾರೋ ಚಿತ್ರೀಕರಿಸಬೇಕು. ಉಪಯೋಗಕ್ಕೆಂದೇ ಮಾಡಿದ ವಸ್ತುವಿನ ಪಡಿಯಚ್ಚನ್ನು ಉಪಯೋಗದಿಂದ ಬಿಡಿಸಿ ಅಳೆಯುವುದು ಅರ್ಧ ಅಳತೆ.

ಕೈಯಲ್ಲಿ ಹಿಡಿಯುವ ಸಾಮಾನುಗಳ ವಿಷಯ ಬೇರೆ. ಅವಕ್ಕೆ ಮೈಯ ಗೊಡವೆ ಕಡಿಮೆ, ಅಲ್ಲಿ ಹೊರಮೈಯ ನಿಖರತೆ ಬಹುಪಾಲು ಸಾಕು. ಸೈನಿಕರ ಬಂದೂಕು ಬ್ರಿಟಿಷ್ ಸೇನೆಯ ಸ್ಟರ್ಲಿಂಗ್ ಸಬ್‌ಮೆಷಿನ್ ಗನ್ನೇ: ಮೇಲೊಂದು ದುರ್ಬೀನು, ಪಕ್ಕದಲ್ಲೊಂದು ಎಣಿಕೆಯಂತ್ರ, ನಳಿಕೆಯ ರಂಧ್ರಗಳ ಸಾಲಿಗೆ ಪ್ಲಾಸ್ಟಿಕ್ ಪಟ್ಟಿ. ಲ್ಯೂಕ್‌ನ ಬೆಳಕಿನ ಕತ್ತಿಯ ಹಿಡಿ ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಕ್ಯಾಮೆರಾ ಫ್ಲ್ಯಾಶ್‌ನ ಹಿಡಿಕೆ. ಇಲ್ಲಿನ ನಿಖರತೆ ತಂದಿಟ್ಟ ತೊಂದರೆ ಇನ್ನೊಂದು ಬಗೆಯದು. ಅಸಲಿ ಭಾಗವೇ ಬೇಕೆಂಬ ಹಟಕ್ಕೆ ಹಳೆಯ ಫ್ಲ್ಯಾಶ್‌ಗಳ ಬೆಲೆ ಏರಿತು, ಅವುಗಳನ್ನು ಕೊರೆದು ಕತ್ತಿ ಮಾಡಿದರು, ಹಳೆಯ ಕ್ಯಾಮೆರಾ ಕೂಡಿಡುವವರು ಗೊಣಗಿದರು. ಅವರ ಗೊಣಗಾಟದಲ್ಲಿ ನ್ಯಾಯವಿದೆ. ಒಂದು ಚಿತ್ರದ ನೆನಪಿಗಾಗಿ ಛಾಯಾಗ್ರಹಣದ ಚರಿತ್ರೆಯ ಒಂದು ಸಾಮಾನನ್ನು ಹಾಳುಮಾಡುವುದನ್ನು ಸಮರ್ಥಿಸುವುದು ಕಷ್ಟ, ಅದರಲ್ಲೂ ಆ ಹಿಡಿಕೆಯ ಒಳ್ಳೆಯ ಪಡಿಯಚ್ಚುಗಳೇ ಈಗ ಮಾರುಕಟ್ಟೆಯಲ್ಲಿ ಸಿಗುವಾಗ.

ತ್ರೀಡಿ ಸ್ಕ್ಯಾನ್, ತ್ರೀಡಿ ಮುದ್ರಣ ಬಂದ ಮೇಲೆ ಈ ಚರ್ಚೆಗೆ ಬೆಲೆಯಿಲ್ಲ, ಮೂಲವನ್ನು ಸ್ಕ್ಯಾನ್ ಮಾಡಿದರೆ ಹೆಲ್ಮೆಟ್ಟಿನ ಓರೆಯೂ ಮೈಕ್ರಾನ್ ಮಟ್ಟದಲ್ಲಿ ಬರುತ್ತದೆ ಎನ್ನುವವರಿದ್ದಾರೆ. ಹೊರಮೈಯ ಪೈಪೋಟಿ ಅಲ್ಲಿಗೆ ಮುಗಿಯಬಹುದು, ಮುಗಿಯಲಿ. ಬೇರೆಯವರ ಕವಚದಿಂದಲೇ ಅಚ್ಚು ತೆಗೆದು ಮಾರುವ, ತಲೆಮಾರಿನಿಂದ ತಲೆಮಾರಿಗೆ ವಿವರ ಮೊಂಡಾಗಿ ಗಾತ್ರ ಕುಗ್ಗುವ ಕಳ್ಳಪಡಿಯಚ್ಚಿನ ಹಾವಳಿಯೂ ತಗ್ಗಬಹುದು. ಆದರೆ ಕಡತವನ್ನು ಕಂಪ್ಯೂಟರಿನಲ್ಲಿ ಶೇಕಡಾ 8ರಷ್ಟು ಹಿಗ್ಗಿಸಿದರೆ ತೊಡೆಯ ಜೊತೆ ಮಂಡಿಯೂ ಗುಂಡಿಯೂ ಹಿಗ್ಗುತ್ತವೆ; ಯಾವುದು ಹಿಗ್ಗಬೇಕು, ಯಾವುದು ಹಿಗ್ಗಬಾರದು ಎಂದು ಯಂತ್ರ ಹೇಳುವುದಿಲ್ಲ. ಲಕ್ಷಣಪಟ್ಟಿ ಬರೆಯುವವರು ಇನ್ನು ಮುಂದೆ ನಾಲ್ಕು ಫೋಟೋಗಳ ಜೊತೆ ಎರಡು ನಿಮಿಷದ ವಿಡಿಯೋ ಕೇಳಬೇಕು: ಹತ್ತು ಮೆಟ್ಟಿಲು ಹತ್ತಿ ಇಳಿಯಬೇಕು, ಒಮ್ಮೆ ಮಂಡಿಯೂರಿ ಏಳಬೇಕು, ಕವಚವನ್ನು ಕಳಚಿ ಒಳಮೈ ತೋರಿಸಬೇಕು. ಈಗ ಅತಿ ಮೇಲಿನ ದರ್ಜೆಯಲ್ಲಿರುವ ಕೆಲವು ಕವಚಗಳು ಆ ಎರಡು ನಿಮಿಷದಲ್ಲಿ ಕೆಳಗಿಳಿಯುತ್ತವೆ, ಕುಂಚದ ಗೆರೆ ಸರಿಯಿಲ್ಲವೆಂದು ಬದಿಗೆ ಸರಿಸಿದ ಕೆಲವು ಮೇಲೇರುತ್ತವೆ.