ಗಿಟಾರಿಗೆ ಒಗ್ಗಿದ ಗುಡುಗುಡಿ

ಔರಾದ್ ಸೀಮೆಯ ಎಕಂಬಾದಂಥ ಊರಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ಕಟ್ಟೆಯ ಮೇಲೆ ಕೂಡುತ್ತವೆ. ಏಕತಾರಿ ಹಿಡಿದು ಹಾಡುವ ತತ್ವಪದ ಇಲ್ಲಿನವರಿಗೆ ಹೊಸದಲ್ಲ. ಅದಕ್ಕೇ ರಘು ದೀಕ್ಷಿತ್ ಹಾಡಿದ ‘ಗುಡುಗುಡಿಯಾ ಸೇದಿ ನೋಡೋ’ ನನಗೆ ಇಷ್ಟು ಹತ್ತಿರ. 2008ರ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಸ್ವಂತ ರಚನೆಗಳ ಜೊತೆಗೇ ಈ ತತ್ವಪದ ಬರೆದ ಶಿಶುನಾಳ ಶರೀಫರು ಕೂತಿದ್ದಾರೆ.

ಹುಕ್ಕಾ ಸೇದುವ ನೆಪದಲ್ಲಿ ಒಡಲಿನ ರೋಗ ಕಳೆಯುವ ಪದವದು. ಗಿಟಾರು, ಡ್ರಮ್ಸ್ ಸೇರಿದರೂ ಅರ್ಥ ಮಸುಕಾಗಿಲ್ಲ. ದೀಕ್ಷಿತರ ತುಂಬುಗಂಟಲು ಒಂದೊಂದು ಮಾತನ್ನೂ ಬಿಡಿಸಿ ಇಡುತ್ತದೆ. ಭಜನೆಯ ಕುಣಿತ ಹಾಗೇ ಉಳಿದಿದೆ, ಅದೇ ದೊಡ್ಡದು.

ಕಾಲೇಜು ಹುಡುಗರು ಶರೀಫರನ್ನು ಬಾಯಿಪಾಠ ಮಾಡಿದ್ದು ಈ ಹಾಡಿನಿಂದ. ಲುಂಗಿ, ಗೆಜ್ಜೆ ತೊಟ್ಟ ಇದೇ ಗಾಯಕ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿಯೂ ಬಂತು.