ಬಳುಕುವ ಕಟ್ಟಡದ ಹೊಲಿಗೆ

ನಮ್ಮ ಬೀದಿಯ ದರ್ಜಿ ರವಿಕೆ ಕಣವನ್ನು ಮೇಜಿನ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದನ್ನು ನೋಡುತ್ತ ನಿಲ್ಲುವುದು ನನಗೆ ಹಳೆಯ ಅಭ್ಯಾಸ. ಬಟ್ಟೆ ಸಪಾಟು, ಮೈ ಸಪಾಟಲ್ಲ. ಇವೆರಡರ ಜಗಳ ಬಗೆಹರಿಸುವುದು ಟಕ್ಸ್. ಚೂಪಾದೊಂದು ತ್ರಿಕೋನ ಮಡಿಸಿ ಹೊಲಿದನೆಂದರೆ ಅಷ್ಟು ಹೊತ್ತು ಮಲಗಿದ್ದ ಬಟ್ಟೆ ಎದ್ದು ಉಬ್ಬುತ್ತದೆ. ಆ ಹೊಲಿಗೆ ಅರ್ಧ ಇಂಚು ಆಚೀಚೆಯಾದರೂ ಸಾಕು, ಎಂಥ ರೇಷ್ಮೆಯಾದರೂ ಸುಕ್ಕುಗಟ್ಟುತ್ತದೆ.

ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಊರೂರಲ್ಲಿ ಎದ್ದಿರುವ ಬಳುಕುವ ಕಟ್ಟಡಗಳನ್ನು ನಾನು ನೋಡುವುದು ಈ ದರ್ಜಿಯ ಕಣ್ಣಿನಿಂದಲೇ. ದೂರದಿಂದ ತೆಗೆದ ಚಿತ್ರದಲ್ಲಿ ಅವೆಲ್ಲ ಚೆಂದ. ನಾನು ಹುಡುಕುವುದು ಹತ್ತಿರದ ಚಿತ್ರವನ್ನು. ಒಂದು ಹಲಗೆ ಇನ್ನೊಂದಕ್ಕೆ ಕೂಡುವ ಸಂದು ಎಲ್ಲಿದೆ? ಅದು ಬಾಗಿನ ಜೊತೆ ಓಡುತ್ತದೆಯೋ, ಅಡ್ಡಡ್ಡ ಕತ್ತರಿಸುತ್ತದೆಯೋ? ಗೋಡೆ ನೆಲಕ್ಕೆ ಇಳಿಯುವ ಕಡೆ ಏನಾಗಿದೆ? ಕಂಪ್ಯೂಟರ್ ಬಂದ ಮೇಲೆ ಕಟ್ಟಡಗಳಿಗೆ ಬಾಗು ಬಂತು ಎನ್ನುವುದು ವಾಡಿಕೆಯ ಮಾತು. ಬಾಗು ಅದಕ್ಕೂ ಹಿಂದೆಯೇ ಇತ್ತು. ಕಷ್ಟವಾಗಿದ್ದದ್ದು ಹೊಲಿಗೆ.

ಎಷ್ಟು ಕಷ್ಟ ಎನ್ನುವುದಕ್ಕೆ ಸಿಡ್ನಿಯ ಅಪೆರಾ ಹೌಸ್ ಸಾಕ್ಷಿ. 1957ರಲ್ಲಿ ಸ್ಪರ್ಧೆ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಬರೆದು ಕಳಿಸಿದ್ದ ಚಿಪ್ಪುಗಳು ಕೈ ಓಡಿದಂತೆ ಎಳೆದ ಗೆರೆಗಳು. ಅವಕ್ಕೆ ಗಣಿತದ ಹೆಸರಿರಲಿಲ್ಲ. ಅರೂಪ್ ಸಂಸ್ಥೆಯ ಎಂಜಿನಿಯರುಗಳು ಒಂದಾದ ಮೇಲೊಂದು ಆಕಾರ ಹಿಡಿದು ವರ್ಷಗಟ್ಟಲೆ ಲೆಕ್ಕ ಹಾಕಿದರು. ಅಂದಿನ ಕಂಪ್ಯೂಟರನ್ನೂ ದುಡಿಸಿಕೊಂಡರು. ಕಟ್ಟಡ ನಿಲ್ಲಿಸುವುದೊಂದು ತೊಡಕಾದರೆ, ಒಂದೊಂದು ತುಂಡಿಗೂ ಬೇರೆ ಬೇರೆ ಅಚ್ಚು ಬೇಕಾಗುತ್ತಿದ್ದದ್ದು ಇನ್ನೊಂದು. 1961ರಲ್ಲಿ ಉತ್ತರ ಸಿಕ್ಕಿತು. ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿಕೊಳ್ಳುವುದು. ಕಿತ್ತಳೆ ಸಿಪ್ಪೆಯ ತುಂಡುಗಳಂತೆ ಅವು ಬೇರೆ ಬೇರೆ ಕಂಡರೂ ಬಾಗು ಒಂದೇ. ಹಾಗಾದಾಗ ಒಂದೇ ಅಚ್ಚಿನಲ್ಲಿ ಎಷ್ಟೋ ತುಂಡುಗಳನ್ನು ಎರೆಯಬಹುದು. 1973ರಲ್ಲಿ ಕಟ್ಟಡ ತೆರೆಯುವ ಹೊತ್ತಿಗೆ ಉಟ್ಸನ್ ಕೆಲಸ ಬಿಟ್ಟು ಏಳು ವರ್ಷವಾಗಿತ್ತು. ಅಪೆರಾ ಹೌಸ್‌ನ ಆ ಗಂಭೀರ ನಿಲುವು ಅಂದಿನ ಲೆಕ್ಕದ ಮಿತಿಯಿಂದ ಹುಟ್ಟಿದ್ದು. ನನಗೆ ಅದರ ಮೇಲಿನ ಪ್ರೀತಿ ಹೆಚ್ಚಲು ಅದೂ ಒಂದು ಕಾರಣ.

ಆ ಮಿತಿ ಸಡಿಲವಾದದ್ದು ಹಡಗು, ಕಾರು, ವಿಮಾನ ಕಟ್ಟುವವರ ಕಡೆಯಿಂದ. ಹಡಗಿನ ಒಡಲಿನ ಗೆರೆ ಬರೆಯುವವರು ತೆಳ್ಳನೆಯ ಮರದ ಪಟ್ಟಿಯನ್ನು ಬಗ್ಗಿಸಿ, ಅಲ್ಲಲ್ಲಿ ಸೀಸದ ತೂಕ ಇಟ್ಟು ನಿಲ್ಲಿಸಿ, ಅದರ ಅಂಚಿಗೆ ಪೆನ್ಸಿಲ್ ಓಡಿಸುತ್ತಿದ್ದರು. ಆ ಪಟ್ಟಿಯ ಹೆಸರು ಸ್ಪ್ಲೈನ್. ನಮ್ಮಲ್ಲಿ ಬುಟ್ಟಿ ಹೆಣೆಯುವವರ ಕೈಯಲ್ಲಿ ಬಿದಿರ ದಬ್ಬೆ ಬಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಎಲ್ಲಿ ಒತ್ತಿದರೆ ಎಲ್ಲಿ ಬಾಗೀತು ಎನ್ನುವುದು ದಬ್ಬೆಗೇ ಗೊತ್ತು. ಸಿಟ್ರೊಯೆನ್‌ನಲ್ಲಿದ್ದ ಪಾಲ್ ದ ಕಾಸ್ತೆಲ್ಜೊ, ರೆನೊದಲ್ಲಿದ್ದ ಪಿಯೆರ್ ಬೆಜಿಯೆ ಅರವತ್ತರ ದಶಕದ ಆಸುಪಾಸಿನಲ್ಲಿ ಕಾರಿನ ಮೈಗೆ ಬೇಕಾದ ಬಾಗನ್ನು ಗಣಿತಕ್ಕೆ ಇಳಿಸಿದರು. ಕೆಲವು ಬಿಂದುಗಳನ್ನು ಎಳೆದಾಡಿದರೆ ಗೆರೆ ತಾನಾಗಿ ಬಳುಕುತ್ತದೆ. ಇವತ್ತು ವಾಸ್ತುಶಿಲ್ಪ ಕಲಿಯುವ ಹುಡುಗ ಹುಡುಗಿಯರು ತೆರೆಯ ಮೇಲೆ ಎಳೆಯುತ್ತಿರುವ ಬಿಂದುಗಳ ಮೂಲ ಅಲ್ಲಿದೆ.

ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಸ್ವತಃ ಕಂಪ್ಯೂಟರ್ ಮುಂದೆ ಕೂರುತ್ತಿರಲಿಲ್ಲ. ಕಾಗದ ಮಡಚಿ, ಮರ ಜೋಡಿಸಿ ಮಾದರಿ ಮಾಡುವುದೇ ಅವರ ರೀತಿಯಾಗಿತ್ತು. ಆ ಮಾದರಿಯ ಮೇಲೆ ಅಳತೆಯ ಕಡ್ಡಿ ಆಡಿಸಿ ಬಿಂದುಗಳನ್ನು ಹಿಡಿದು, ಫ್ರಾನ್ಸಿನ ದಾಸೊ ಸಂಸ್ಥೆ ವಿಮಾನಕ್ಕೆಂದು ಬೆಳೆಸಿದ್ದ ಕ್ಯಾಟಿಯಾ ತಂತ್ರಾಂಶಕ್ಕೆ ಊಡುವುದು ಅವರ ಕಚೇರಿಯವರ ಕೆಲಸವಾಗಿತ್ತು. 1997ರಲ್ಲಿ ತೆರೆದ ಬಿಲ್ಬಾವೊದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ ಹೀಗೆ ಆದದ್ದು. ಅದರ ಟೈಟಾನಿಯಂ ಹೊದಿಕೆ ಅರ್ಧ ಮಿಲಿಮೀಟರಿಗಿಂತಲೂ ತೆಳು. ಮೀನಿನ ಪೊರೆಯಂತೆ ಒಂದರ ಪಕ್ಕ ಒಂದು ಕೂತ ಸಾವಿರಾರು ತಗಡುಗಳು. ಇಲ್ಲೊಂದು ಸೂಕ್ಷ್ಮವಿದೆ. ಗೆಹ್ರಿಯ ಮೇಲ್ಮೈಗಳು ಹೆಚ್ಚಾಗಿ ಕಾಗದ ಬಾಗುವಂತೆ ಬಾಗುತ್ತವೆ, ಅಂದರೆ ಚಾಪೆ ಸುತ್ತಿದಂತೆ ಒಂದು ದಿಕ್ಕಿಗೆ ಮಾತ್ರ. ಅಂಥ ಮೈಗೆ ಸಪಾಟು ತಗಡು ಹೊದಿಸಬಹುದು, ಎಳೆಯಬೇಕಿಲ್ಲ, ಹರಿಯಬೇಕಿಲ್ಲ. ಎರಡೂ ದಿಕ್ಕಿಗೆ ಬಾಗುವ ಮೈ ಕಿತ್ತಳೆ ಸಿಪ್ಪೆಯ ಜಾತಿಯದು. ಮೇಜಿನ ಮೇಲೆ ಒತ್ತಿ ಹರಡಲು ಹೋದರೆ ಅಂಚು ಸೀಳಿಯೇ ತೀರುತ್ತದೆ.

ಜಾಹಾ ಹದೀದ್ ಕೈ ಹಾಕಿದ್ದು ಆ ಸಿಪ್ಪೆಗೆ. ಬಾಗ್ದಾದಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಈ ಮಹಾ ಪ್ರತಿಭೆಯ ಕಟ್ಟಡಗಳಲ್ಲಿ ಅಜರ್‌ಬೈಜಾನಿನ ಬಾಕು ನಗರದ ಹೈದರ್ ಅಲಿಯೆವ್ ಕೇಂದ್ರ ನನಗೆ ಎಲ್ಲಕ್ಕಿಂತ ಮುಖ್ಯ. 2007ರಲ್ಲಿ ಒಪ್ಪಿಸಿದ ಕೆಲಸ, 2012ರಲ್ಲಿ ತೆರೆಯಿತು. ಅಂಗಳದ ನೆಲ ಮಡಿಕೆಯಾಗಿ ಏಳುತ್ತದೆ, ಗೋಡೆಯಾಗುತ್ತದೆ, ಅಲೆಯಾಗಿ ತಿರುಗಿ ಚಾವಣಿಯಾಗುತ್ತದೆ, ಮತ್ತೆ ಇಳಿದು ಅಂಗಳ ಸೇರುತ್ತದೆ. ಎಲ್ಲಿ ಯಾವುದು ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದು. ಒಳಗೆ ಉಕ್ಕಿನ ಕೊಳವೆಗಳ ಬಲೆ ಭಾರ ಹೊರುವುದರಿಂದ ದೊಡ್ಡ ಹಜಾರಗಳಲ್ಲಿ ಕಂಬ ಕಣ್ಣಿಗೆ ಬೀಳುವುದಿಲ್ಲ. ಇಸ್ಲಾಮಿ ಕಟ್ಟಡಗಳಲ್ಲಿ ಅಕ್ಷರದ ಬಳ್ಳಿ ಜಮಖಾನೆಯಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ, ಅಲ್ಲಿಂದ ಗುಮ್ಮಟಕ್ಕೆ ತಡೆಯಿಲ್ಲದೆ ಹಬ್ಬುವುದನ್ನು ಹದೀದ್ ಬಳಗ ಇದರ ಹಿನ್ನೆಲೆಯಾಗಿ ಹೇಳಿಕೊಂಡಿದೆ. ಈ ಕಟ್ಟಡದ ಮಟ್ಟಿಗೆ ಆ ಮಾತು ಅಲಂಕಾರವಲ್ಲ, ದಿಟ.

ಆದರೆ ನೋಡಬೇಕಾದದ್ದು ಸಂದುಗಳನ್ನು. ಮೈ ಪೂರ್ತಿ ಬಿಳಿ. ಕಾಲು ತುಳಿಯುವ ಕಡೆ ಗಾಜಿನ ನಾರು ಬೆರೆಸಿದ ಕಾಂಕ್ರೀಟ್, ಮೇಲೇರಿದಂತೆ ಗಾಜಿನ ನಾರಿನ ಹಗುರ ಪ್ಲಾಸ್ಟಿಕ್ ಹಲಗೆ. ಅಷ್ಟು ದೊಡ್ಡ ಬಾಗನ್ನು ಸಾವಿರಾರು ಹಲಗೆಗಳಾಗಿ ಒಡೆಯದೆ ಗತಿಯಿಲ್ಲ: ಎರೆಯಬೇಕು, ಲಾರಿಗೆ ಹೇರಬೇಕು, ಎತ್ತಿ ಕೂರಿಸಬೇಕು. ಬಿಸಿಲಿಗೆ ಹಿಗ್ಗಲು, ಕ್ಯಾಸ್ಪಿಯನ್ ಕಡೆಯ ಗಾಳಿಗೆ ಅಲುಗಲು, ಭೂಮಿ ನಡುಗಿದರೆ ತಡೆದುಕೊಳ್ಳಲು ನಡುವೆ ತೆರಪೂ ಬೇಕು. ಬೇರೆಯವರಾಗಿದ್ದರೆ ಈ ತೆರಪನ್ನು ಮೆತ್ತಿ ಮುಚ್ಚಲು ನೋಡುತ್ತಿದ್ದರು. ಇಲ್ಲಿ ಅದನ್ನೇ ಗೆರೆಯಾಗಿ ಬರೆದಿದ್ದಾರೆ. ಸಂದುಗಳು ಬಾಗಿನ ಜೊತೆ ಓಡುತ್ತವೆ, ಮಡಿಕೆ ಬಿಗಿದಲ್ಲಿ ಒತ್ತಾಗಿ, ಹರಡಿದಲ್ಲಿ ಅಗಲವಾಗಿ. ಅವಿಲ್ಲದಿದ್ದರೆ ಆ ಬಿಳಿ ಗುಡ್ಡ ಎಷ್ಟು ದೊಡ್ಡದು ಎನ್ನುವುದೇ ತಿಳಿಯುತ್ತಿರಲಿಲ್ಲ. ಕಣ್ಣು ಎಲ್ಲಿಯೂ ನಿಲ್ಲದೆ ಜಾರುತ್ತಿತ್ತು.

ಕಂಪ್ಯೂಟರಿನ ಪಾಲು ಇಲ್ಲಿ ಗಟ್ಟಿಯಾಗಿ ಕಾಣುತ್ತದೆ. ವಿನ್ಯಾಸಕಾರರು ಎಳೆಯುವುದು ಆಕಾರವನ್ನಷ್ಟೇ ಅಲ್ಲ, ಸಂಬಂಧಗಳನ್ನೂ. ದರ್ಜಿಯ ಲೆಕ್ಕದಲ್ಲಿ ಎದೆಯ ಸುತ್ತಳತೆ ಬದಲಾದರೆ ತೋಳಿನ ಕುಣಿ, ಟಕ್ಸಿನ ಉದ್ದ ಅದಕ್ಕೆ ತಕ್ಕಂತೆ ಬದಲಾಗುವುದಿಲ್ಲವೆ? ಪ್ಯಾರಾಮೆಟ್ರಿಕ್ ಎನ್ನುವುದು ಇದನ್ನೇ. ಚಾವಣಿ ಒಂದು ಮೀಟರ್ ಏರಿತೆಂದರೆ ಅದರ ಕೆಳಗಿನ ಪ್ರತಿ ಕೊಳವೆ, ಪ್ರತಿ ಹಲಗೆ, ಪ್ರತಿ ಸಂದು ತನ್ನ ಅಳತೆ ತಿದ್ದಿಕೊಳ್ಳುತ್ತದೆ. ಹಲಗೆಗೊಂದು ಗುರುತು, ಗುರುತಿಗೊಂದು ಜಾಗ. ಸಿಡ್ನಿಯಲ್ಲಿ ಉಟ್ಸನ್‌ಗೆ ಸಿಗದಿದ್ದದ್ದು ಇದು. ಹದೀದ್ ಅವರ ಜೊತೆಗಾರ ಪ್ಯಾಟ್ರಿಕ್ ಶುಮಾಕರ್ 2008ರಲ್ಲಿ ಇದಕ್ಕೆ ಪ್ಯಾರಾಮೆಟ್ರಿಸಿಸಂ ಎಂದು ಹೆಸರಿಟ್ಟು ಇಡೀ ಯುಗದ ಶೈಲಿ ಎಂದರು. ಆ ದೊಡ್ಡ ಮಾತನ್ನು ನಾನು ಒಪ್ಪಲಾರೆ. ಒಳ್ಳೆಯ ಕತ್ತರಿಯನ್ನು ಯಾರೂ ಶೈಲಿ ಎನ್ನುವುದಿಲ್ಲ.

ಬಾಕುವಿನ ಬಗ್ಗೆ ಬರೆಯುವಾಗ ಇನ್ನೊಂದನ್ನೂ ಬರೆಯಬೇಕು. ಆ ನಗರದಲ್ಲಿ ಹೊಸ ಕಾಮಗಾರಿಗಳಿಗಾಗಿ ಜನರನ್ನು ಬಲವಂತದಿಂದ ಒಕ್ಕಲೆಬ್ಬಿಸಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2012ರಲ್ಲೇ ವರದಿ ಮಾಡಿತ್ತು. 2014ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಈ ಕೇಂದ್ರಕ್ಕೆ ವರ್ಷದ ವಿನ್ಯಾಸ ಪ್ರಶಸ್ತಿ ಕೊಟ್ಟಾಗ ಟೀಕೆಯೂ ಎದ್ದಿತು. ಆ ಬಿಳುಪನ್ನು ಮೆಚ್ಚುವಾಗಲೆಲ್ಲ ಇದು ನನ್ನನ್ನು ಚುಚ್ಚುತ್ತದೆ, ಚುಚ್ಚಲೂ ಬೇಕು.

ಹೀಗೆ ತಡೆಯಿಲ್ಲದೆ ಹರಿಯುವ ಜಾಗ ಎನ್ನುವುದರ ನಿಜವಾದ ಪರೀಕ್ಷೆ ಕಾಲಿನದು. ಲೋಸಾನ್‌ನಲ್ಲಿ ಜಪಾನಿನ ಸನಾ ಜೋಡಿ, ಕಜುಯೊ ಸೆಜಿಮಾ ಮತ್ತು ರ್ಯುಎ ನಿಶಿಜಾವಾ, ಕಟ್ಟಿದ ರೋಲೆಕ್ಸ್ ಕಲಿಕಾ ಕೇಂದ್ರ 2010ರಲ್ಲಿ ತೆರೆಯಿತು. ಇಡೀ ಕಟ್ಟಡ ಒಂದೇ ಕೋಣೆ ಎನ್ನಬಹುದು. ಗೋಡೆಗಳ ಬದಲು ನೆಲವೇ ಗುಡ್ಡವಾಗಿ ಎದ್ದು ತಗ್ಗಾಗಿ ಇಳಿದು ಓದುವವರನ್ನೂ ಹರಟುವವರನ್ನೂ ಬೇರೆ ಮಾಡುತ್ತದೆ. ದಿಬ್ಬದ ಆಚೆಗಿನ ಮಾತು ಕಿವಿಗೆ ಬೀಳದು. ಎಷ್ಟು ಸೊಗಸಾದ ಯೋಚನೆ! ಆದರೆ ಗಾಲಿಕುರ್ಚಿಯಲ್ಲಿ ಬಂದವರಿಗೆ ಅದೇ ದಿಬ್ಬ ಗೋಡೆ. ಅವರಿಗೆಂದು ಅಂಕುಡೊಂಕು ಇಳಿಜಾರುಗಳನ್ನೂ ಓರೆಯಾಗಿ ಏರುವ ಲಿಫ್ಟನ್ನೂ ಸೇರಿಸಬೇಕಾಯಿತು. ಹರಿವಿನ ನಡುವೆ ಅವು ತೇಪೆಯಂತೆ ಕಾಣುತ್ತವೆ. ಕಾಲಿಗೆ ಬೇಕಾದ ಅಳತೆಯನ್ನು ಮೊದಲ ದಿನವೇ ಲೆಕ್ಕದೊಳಗೆ ಸೇರಿಸಿದ್ದರೆ ನೆಲದ ಬಾಗೇ ಬೇರೆಯಾಗುತ್ತಿತ್ತು, ಇನ್ನೂ ಚೆಂದವಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಹಾಗೆ ಮೊದಲ ದಿನವೇ ಲೆಕ್ಕ ಮತ್ತು ಬಾಗು ಒಂದಾಗಿದ್ದ ಕಟ್ಟಡವೊಂದು ಜರ್ಮನಿಯ ಮನ್‌ಹೈಮ್‌ನಲ್ಲಿದೆ. ಅದರ ಗುಟ್ಟು ತಿಳಿಯಲು ಕತ್ತಿನ ಸರವೊಂದನ್ನು ಎರಡು ಕೈಯಲ್ಲಿ ಹಿಡಿದು ಇಳಿಬಿಡಿ. ಅದು ಬಾಗುವ ಗೆರೆಯನ್ನು ಹಾಗೇ ತಲೆಕೆಳಗು ಮಾಡಿದರೆ ತನ್ನ ಭಾರ ತಾನೇ ಹೊರುವ ಕಮಾನು. ಬಾರ್ಸಿಲೋನಾದ ಗೌಡಿ ದಾರಕ್ಕೆ ಸೀಸದ ಗುಂಡುಗಳ ಚೀಲ ಕಟ್ಟಿ ನೇತುಹಾಕಿ, ಚಿತ್ರ ತೆಗೆದು ತಿರುಗಿಸಿ ನೋಡುತ್ತಿದ್ದದ್ದು ಇದಕ್ಕೇ. ಮನ್‌ಹೈಮ್‌ಗಾಗಿ ವಾಸ್ತುಶಿಲ್ಪಿ ಫ್ರೈ ಓಟ್ಟೊ ಸರಪಳಿಯ ಬಲೆಯನ್ನೇ ಇಳಿಬಿಟ್ಟರು. ಆ ಮಾದರಿಯನ್ನು ಅಳೆದು ಕಂಪ್ಯೂಟರಿನಲ್ಲಿ ತಿದ್ದಿ ತೀಡಿ, 1975ರ ತೋಟಗಾರಿಕಾ ಮೇಳಕ್ಕೆ ಮುಲ್ಟಿಹಾಲೆ ಎಂಬ ಸಭಾಂಗಣ ಎದ್ದಿತು. ಐದು ಸೆಂಟಿಮೀಟರ್ ದಪ್ಪದ ಮರದ ರೀಪುಗಳನ್ನು ನೆಲದ ಮೇಲೆ ಸಪಾಟಾಗಿ ಚೌಕಳಿ ಹೆಣೆದು, ಕೆಳಗಿನಿಂದ ಮೆಲ್ಲಗೆ ಎತ್ತಿದರು. ಬುಟ್ಟಿಯ ದಬ್ಬೆಯ ಹಾಗೆ ರೀಪು ರೀಪೂ ತನ್ನ ಬಾಗನ್ನು ತಾನು ಹುಡುಕಿಕೊಂಡಿತು. ಕೂಡುವ ಜಾಗದ ಬೋಲ್ಟುಗಳನ್ನು ಮೊದಲು ಸಡಿಲ ಬಿಟ್ಟು, ಆಕಾರ ಬಂದ ಮೇಲೆ ಬಿಗಿದರು. ಲೆಕ್ಕ ಸರಿಯೇ ಎಂದು ನೋಡಲು ಎಂಜಿನಿಯರುಗಳು ಚಾವಣಿಗೆ ನೂರಾರು ಕಸದ ಡಬ್ಬಗಳನ್ನು ನೇತುಹಾಕಿ, ಅವುಗಳಲ್ಲಿ ನೀರು ತುಂಬಿ, ಎಷ್ಟು ಜಗ್ಗಿತು ಎಂದು ಅಳೆದರು. ಒಂದು ಬೇಸಿಗೆಯ ಮೇಳಕ್ಕೆಂದು ಎಬ್ಬಿಸಿದ ಆ ಚಪ್ಪರ ಈಗಲೂ ನಿಂತಿದೆ.