ಕಿವಿಯಿಂದ ಓದಿದ ಪುಸ್ತಕ

ಈಚೆಗೆ ಏನು ಓದಿದಿರಿ, ಏನು ಕೇಳಿದಿರಿ ಅಂತ ಗೆಳೆಯರು ಕೇಳ್ತಾನೇ ಇದ್ದಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮತ್ತೆ ಓದಿದೆವು, ನೀಲಗಾರರ ಮಂಟೇಸ್ವಾಮಿ ಕಥೆಯನ್ನು ಮತ್ತೆ ಕೇಳಿದೆವು. ಎರಡೂ ಹೊಸದಲ್ಲ. ಆದರೆ ಒಂದನ್ನು ಪುಸ್ತಕದ ಕಪಾಟಿಗೂ ಇನ್ನೊಂದನ್ನು ಜಾತ್ರೆಗೂ ಬಿಟ್ಟದ್ದು ನಮ್ಮ ತಪ್ಪು ಅಂತ ಈ ಸಲ ಗೊತ್ತಾಯಿತು.

‘ಕುಸುಮಬಾಲೆ’ ಬಂದದ್ದು 1984ರಲ್ಲಿ. ಅಂದಿನಿಂದಲೂ “ಅರ್ಥವಾಗೋಲ್ಲ” ಎಂಬ ದೂರು ಅದರ ಬೆನ್ನಿಗಿದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಆ ದೂರನ್ನು ನಿಲ್ಲಿಸಲಿಲ್ಲ. ಚಂಪೂ ಕಾವ್ಯಕ್ಕೆ ನಿಘಂಟು ಹಿಡಿದು ವರ್ಷಗಟ್ಟಲೆ ಕೂರುವ ಪಂಡಿತರಿಗೆ ನಂಜನಗೂಡು ಸೀಮೆಯ ಕೇರಿಮಾತು ಮಾತ್ರ ಕಷ್ಟ! ಇದು ಭಾಷೆಯ ಕಷ್ಟವಲ್ಲ, ಯಾರ ಮುಂದೆ ಕೂತು ಕಲಿಯಬೇಕು ಅನ್ನುವ ಕಷ್ಟ. ಹಾಗಂತ ಅವರನ್ನು ಬೈದು ನಾವು ಪಾರಾಗುವಂತಿಲ್ಲ. ನಾವೂ ಹತ್ತು ಪುಟಕ್ಕೇ ಮಡಚಿಟ್ಟವರು.

ಈ ಸಲ ಮೊದಲು ಮೂರು ರಾತ್ರಿ ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಸಿದ್ದಪ್ಪಾಜಿ ಕಥೆ ಕೇಳಿದೆವು. ನಿಡುಗಟ್ಟದ ಕೆಂಪಾಚಾರಿ ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ಕಳಿಸುವುದು ಎಲ್ಲಿಗೆ? ಹಲಗೂರಿಗೆ, ಅವನದೇ ಕುಲದ ಪಾಂಚಾಳರ ಬಾಗಿಲಿಗೆ. ಜಾತಿ ಬಿಟ್ಟೆ ಅನ್ನುವವನು ಮೊದಲು ಸ್ವಂತ ಜಾತಿಯವರ ಕಾಟ ತಿನ್ನಬೇಕು. ನಮ್ಮ ಎಷ್ಟು ವಿಚಾರ ಸಂಕಿರಣಗಳು ಈ ಮಾತನ್ನು ಇಷ್ಟು ನೇರವಾಗಿ ಹೇಳಿವೆ? ಅಚ್ಚಿನಲ್ಲಿ ಒಂದೇ ಮಾತು ಮೂರು ಸಲ ಬಂದರೆ ಕಣ್ಣು ಹಾರಿಸಿಕೊಂಡು ಹೋಗುತ್ತದೆ. ತಂಬೂರಿ, ಗಗ್ಗರದ ಜೊತೆ ಹಿಮ್ಮೇಳದವರು ಅದನ್ನೇ ಎತ್ತಿಕೊಂಡಾಗ ಕೇಳುವವನಿಗೆ ಯೋಚಿಸೋಕೆ ಹೊತ್ತು ಸಿಗುತ್ತದೆ. (ಈಗಿನ ಕೆಲವು ಧ್ವನಿಮುದ್ರಣಗಳಲ್ಲಿ ಕೀಬೋರ್ಡು ಆ ಹೊತ್ತನ್ನೂ ನುಂಗಿಬಿಡುತ್ತದೆ.)

ಆ ಕಿವಿ ಇಟ್ಟುಕೊಂಡೇ ನಾಲ್ಕೈದು ಜನ ಕೂತು ‘ಕುಸುಮಬಾಲೆ’ಯನ್ನು ಗಟ್ಟಿಯಾಗಿ ಓದಿದೆವು. ಎಲ್. ಬಸವರಾಜು ಅವರು ಈ ಗದ್ಯವನ್ನು ಪದ್ಯದ ಸಾಲುಗಳಾಗಿ ಒಡೆದು ತೋರಿಸಿದ್ದು ಸುಮ್ಮನೆ ಅಲ್ಲ. ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ಮಾತು ನಿಲ್ಲುತ್ತದೆ. ಊರ ದೀಪಗಳ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಮಾತಾಡುವುದನ್ನು ಹಿಂದೆ ಓದಿದಾಗ ನಮಗೆ ‘ಮಾಂತ್ರಿಕ ವಾಸ್ತವ’ ಎಂಬ ಪರದೇಶದ ಪದ ನೆನಪಾಗಿತ್ತು. ನಾಚಿಕೆಯಾಗಬೇಕು. ಕೇರಿಯ ಹುಡುಗ ಚೆನ್ನ ಮೇಲುಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಯಾಗುತ್ತಾನೆ. ಮನುಷ್ಯರು ಬಾಯಿ ಮುಚ್ಚಿಕೊಂಡ ಊರಲ್ಲಿ ದೀಪವಾದರೂ ಮಾತಾಡಬೇಕಲ್ಲ! ಕಥೆ ಹಾಡುವವರಿಗೆ ಇದು ದಿನದ ಮಾತು, ಮಾಯವೇನಲ್ಲ.

ಇನ್ನು ನಮ್ಮ ಮೇಲಿನ ದೂರು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಅಚ್ಚಾಯಿತು. ಪುಸ್ತಕ ಕಾಣದವರೂ ಅದರ ಹಾಡುಗಳನ್ನು ಮೆರವಣಿಗೆಯಲ್ಲಿ ಕಲಿತರು. ಅಂಥ ಚಳವಳಿಯ ನಾವೇ, ಸಭೆಗೆ ಜನ ಸೇರೋತನಕ ಹಾಡಿಸಿ, ಭಾಷಣಕಾರರ ಜೀಪು ಬಂದ ಕೂಡಲೆ “ಸಾಕು ಬಿಡ್ರಣ್ಣ” ಅಂದಿದ್ದೇವೆ. ಕರಪತ್ರದಲ್ಲಿ ಭಾಷಣಕಾರರಿಗೆ ದಪ್ಪ ಅಕ್ಷರ, ಹಾಡುವವರಿಗೆ ‘ಮತ್ತು ಸಂಗಡಿಗರು’. ಆ ಸಂಗಡಿಗರಿಗೂ ಅಪ್ಪ ಅವ್ವ ಇಟ್ಟ ಹೆಸರಿತ್ತು.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ. ಜೋತಮ್ಮಗಳ ಆ ಭಾಗವನ್ನು ತರಗತಿಯಲ್ಲಿ ಒಂದು ದಿನ ಗಟ್ಟಿಯಾಗಿ ಓದಿ. ಗ್ರಂಥಭಾಷೆಗೆ ತಿದ್ದಬೇಡಿ. ಆ ಸೀಮೆಯ ಮಾತು ಬಲ್ಲ ಮಗುವಿದ್ದರೆ ಅದರ ಕೈಲೇ ಓದಿಸಿ. ಮಿಕ್ಕ ಮಕ್ಕಳು ಏನು ಕೇಳಿದರು ಅಂತ ನಮಗೊಂದು ಕಾಗದ ಹಾಕಿ.